ನಾಳೆ ಎನ್ನಬಹುದಾದದ್ದು, ನಾಳೆ ಎನ್ನಬಾರದ್ದು

ನಮ್ಮ ಹಿರಿಯರು ನಮಗೆ ಎರಡು ಗಾದೆಗಳನ್ನು ಬಿಟ್ಟುಹೋಗಿದ್ದಾರೆ. ‘ತಾಳಿದವನು ಬಾಳಿಯಾನು’ ಎಂಬುದು ಒಂದು. ‘ನಾಳೆ ಎಂದವನ ಮನೆ ಹಾಳು’ ಎಂಬುದು ಇನ್ನೊಂದು. ಒಂದು ಕಾಯಿರಿ ಎನ್ನುತ್ತದೆ, ಇನ್ನೊಂದು ಕಾಯಬೇಡಿ ಎನ್ನುತ್ತದೆ. ಹಾಗಾದರೆ ಇವೆರಡರಲ್ಲಿ ಒಂದು ಸುಳ್ಳೇ? ಅಲ್ಲ, ಎರಡೂ ನಿಜ. ಯಾವ ಕೆಲಸಕ್ಕೆ ಮೊದಲನೆಯ ಮಾತು ಸಲ್ಲುತ್ತದೆ, ಯಾವ ಕೆಲಸಕ್ಕೆ ಎರಡನೆಯ ಮಾತು ಸಲ್ಲುತ್ತದೆ ಎಂದು ತಿಳಿಯುವ ಗುಣಕ್ಕೆ ವಿವೇಕ ಎಂದು ಹೆಸರು. ಧರ್ಮಸಭೆ ನಾಲ್ಕು ಮೂಲ ಸದ್ಗುಣಗಳನ್ನು ಎಣಿಸುವಾಗ ವಿವೇಕವನ್ನು ಮೊದಲು ಹೇಳುವುದು ಸುಮ್ಮನೆ ಅಲ್ಲ.

ಈ ವಿವೇಕ ಪರೀಕ್ಷೆಗೆ ಒಳಗಾಗುವುದು ಮದುವೆ, ಆಸ್ತಿ, ಓದು ಮೊದಲಾದ ದೊಡ್ಡ ಸಂಗತಿಗಳಲ್ಲಿ ಮಾತ್ರವಲ್ಲ. ಇಂದು ಅದು ನಮ್ಮ ಅಂಗಿಯ ಜೇಬಿನಲ್ಲೂ ಪರೀಕ್ಷೆಗೆ ಒಳಗಾಗುತ್ತಿದೆ. ಕಡೂರಿನ ಕೊಬ್ಬರಿ ವ್ಯಾಪಾರಿಯ ಕೈಯಲ್ಲೂ ತರೀಕೆರೆಯ ಅಡಿಕೆ ಬೆಳೆಗಾರನ ಕೈಯಲ್ಲೂ ಅಜ್ಜಂಪುರದ ಈರುಳ್ಳಿ ಹೊಲದ ಗೃಹಿಣಿಯ ಕೈಯಲ್ಲೂ ಈಗ ಸ್ಮಾರ್ಟ್‌ಫೋನ್ ಇದೆ. ಆಗಾಗ ಅದರ ಪರದೆಯ ಮೇಲೆ ಒಂದು ಸೂಚನೆ ಮೂಡುತ್ತದೆ: ಹೊಸ ಅಪ್‌ಡೇಟ್ ಬಂದಿದೆ, ಈಗ ಹಾಕಿಕೊಳ್ಳುವಿರೋ, ಆಮೇಲೋ? ನಮ್ಮಲ್ಲಿ ಹೆಚ್ಚಿನವರು ‘ಆಮೇಲೆ’ ಎಂಬುದನ್ನೇ ಒತ್ತುತ್ತೇವೆ. ಮರುದಿನವೂ ‘ಆಮೇಲೆ’. ತಿಂಗಳು ಕಳೆದರೂ ‘ಆಮೇಲೆ’. ಹೀಗೆ ಮುಂದೂಡುವುದು ತಾಳ್ಮೆಯೋ, ಉದಾಸೀನವೋ? ಇಷ್ಟು ಸಣ್ಣ ವಿಷಯದಲ್ಲಿ ಸರಿ ತಪ್ಪಿನ ಮಾತು ಏಕೆ ಎಂದು ಕೇಳುವವರೂ ಇದ್ದಾರೆ. ಸ್ವಲ್ಪ ಯೋಚಿಸಿ ನೋಡೋಣ.

ಎರಡು ಬಗೆಯ ಕೆಲಸ

ಕಡೂರು ಸೀಮೆಯ ಜನರಿಗೆ ಕೆರೆಯ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಸಖರಾಯಪಟ್ಟಣದ ಬಳಿಯ ಅಯ್ಯನಕೆರೆ, ಎಮ್ಮೆದೊಡ್ಡಿ ಕಡೆಯ ಮದಗದ ಕೆರೆ ಇವು ತಲೆತಲಾಂತರದಿಂದ ಇಲ್ಲಿನ ಗದ್ದೆ ತೋಟಗಳಿಗೆ ನೀರುಣಿಸಿದ ಕೆರೆಗಳು. ಕೆರೆಯ ಕೆಲಸದಲ್ಲಿ ಎರಡು ಬಗೆ. ಏರಿಯನ್ನು ಎತ್ತರಿಸುವುದು, ಹೊಸ ತೂಬು ಇಡುವುದು, ಕಾಲುವೆಯ ದಾರಿ ಬದಲಿಸುವುದು ಒಂದು ಬಗೆ. ಇದಕ್ಕೆ ಊರವರೆಲ್ಲ ಕೂತು ಮಾತಾಡುತ್ತಾರೆ, ಖರ್ಚು ನೋಡುತ್ತಾರೆ, ಒಂದು ಬೇಸಗೆ ಬಿಟ್ಟು ಇನ್ನೊಂದು ಬೇಸಗೆಗೆ ಮುಂದೂಡುತ್ತಾರೆ. ಅದರಲ್ಲಿ ತಪ್ಪಿಲ್ಲ. ಇನ್ನೊಂದು ಬಗೆ, ಏರಿಯಲ್ಲಿ ಹೆಗ್ಗಣವೋ ಏಡಿಯೋ ಕೊರೆದ ಬಿಲವನ್ನು ಮುಚ್ಚುವುದು. ಬಿಲದಲ್ಲಿ ನೀರು ಜಿನುಗುವುದು ಕಂಡರೆ ಯಾರೂ ಮುಂದಿನ ಬೇಸಗೆ ನೋಡೋಣ ಎನ್ನುವುದಿಲ್ಲ. ಗುದ್ದಲಿ, ಮಣ್ಣು ಹಿಡಿದು ಓಡುತ್ತಾರೆ.

ಫೋನಿಗೆ ಬರುವ ಅಪ್‌ಡೇಟ್‌ಗಳಲ್ಲೂ ಇದೇ ಎರಡು ಬಗೆಗಳಿವೆ. ಫೋನನ್ನು ನಡೆಸುವ ಮೂಲ ವ್ಯವಸ್ಥೆಗೆ ಆಪರೇಟಿಂಗ್ ಸಿಸ್ಟಂ ಎನ್ನುತ್ತಾರೆ. ಆಂಡ್ರಾಯ್ಡ್, ಐಒಎಸ್ ಇವು ಅದರ ಹೆಸರುಗಳು. ಅದರ ಹೊಸ ಆವೃತ್ತಿ ಬಂದಾಗ ಫೋನಿನ ರೂಪ ಬದಲಾಗುತ್ತದೆ, ಹೊಸ ಸೌಲಭ್ಯಗಳು ಸೇರುತ್ತವೆ, ಗುಂಡಿಗಳ ಜಾಗ ಬೇರೆಯಾಗುತ್ತದೆ. ಇದು ಅಪ್‌ಗ್ರೇಡ್, ಅಂದರೆ ಏರಿ ಎತ್ತರಿಸುವ ಕೆಲಸ. ಭದ್ರತಾ ಅಪ್‌ಡೇಟ್ ಬೇರೆ. ಅದರಿಂದ ಫೋನಿನ ರೂಪದಲ್ಲಿ ಏನೂ ಬದಲಾದಂತೆ ಕಾಣುವುದಿಲ್ಲ. ಕಳ್ಳರು ಒಳನುಗ್ಗಬಹುದಾದ ಬಿಲಗಳನ್ನು ಮಾತ್ರ ಅದು ಮುಚ್ಚುತ್ತದೆ. ಕಷ್ಟವಿರುವುದು ಇಲ್ಲಿ: ಎರಡೂ ಒಂದೇ ಬಗೆಯ ಸೂಚನೆಯಾಗಿ ಬರುತ್ತವೆ, ಎರಡಕ್ಕೂ ನಾವು ಒಂದೇ ‘ಆಮೇಲೆ’ ಒತ್ತುತ್ತೇವೆ.

ಕಾಯುವವರನ್ನು ಬಯ್ಯಬೇಡಿ

ಮುಂದೂಡುವವರೆಲ್ಲ ಸೋಮಾರಿಗಳು ಎಂದು ಹೇಳಿಬಿಡುವುದು ಸುಲಭ, ಆದರೆ ನ್ಯಾಯವಲ್ಲ. ಅವರಿಗೆ ಕಾರಣಗಳಿವೆ. ದಿನಕ್ಕೆ ಒಂದೂವರೆ ಜಿಬಿ ಡೇಟಾ ಹಾಕಿಸಿಕೊಂಡವರಿಗೆ ಎರಡು ಮೂರು ಜಿಬಿಯ ಅಪ್‌ಗ್ರೇಡ್ ದೊಡ್ಡ ಹೊರೆಯೇ. ತೋಟದ ಮನೆಯಲ್ಲಿ ಸಿಗ್ನಲ್ ಇರುವುದಿಲ್ಲ. ಮಕ್ಕಳ ಫೋಟೋ, ಪೂಜೆಯ ವಿಡಿಯೋಗಳಿಂದ ಫೋನು ತುಂಬಿಹೋಗಿರುತ್ತದೆ. ಎಪ್ಪತ್ತು ದಾಟಿದ ಅಜ್ಜಿ, ಮೊಮ್ಮಗಳಿಗೆ ಕರೆ ಮಾಡುವ ಗುಂಡಿ ಎಲ್ಲಿದೆ ಎಂದು ಕಷ್ಟಪಟ್ಟು ಕಲಿತಿರುತ್ತಾರೆ. ಒಂದೇ ರಾತ್ರಿಯಲ್ಲಿ ಅದು ಬೇರೆ ಕಡೆ ಹೋದರೆ ಅವರಿಗೆ ಎಷ್ಟು ಗಾಬರಿಯಾಗಬೇಡ!

‘ಅಪ್‌ಡೇಟ್ ಮಾಡಿದರೆ ಫೋನ್ ನಿಧಾನವಾಗುತ್ತದೆ’ ಎಂಬ ಮಾತೂ ಬರೀ ಗಾಳಿಸುದ್ದಿಯಲ್ಲ. 2017ರ ಡಿಸೆಂಬರಿನಲ್ಲಿ ಆಪಲ್ ಸಂಸ್ಥೆ, ಬ್ಯಾಟರಿ ಹಳೆಯದಾದ ಕೆಲವು ಐಫೋನ್‌ಗಳ ವೇಗವನ್ನು ತನ್ನ ಅಪ್‌ಡೇಟ್ ಕಡಿಮೆ ಮಾಡಿದ್ದನ್ನು ಒಪ್ಪಿಕೊಂಡಿತು. ಫೋನು ತಟ್ಟನೆ ಆರಿಹೋಗದಿರಲಿ ಎಂದು ಹಾಗೆ ಮಾಡಿದ್ದಾಗಿ ಅದು ವಿವರಿಸಿತು. ಆದರೆ ಫೋನು ಕೊಂಡವರಿಗೆ ಇದನ್ನು ಮೊದಲೇ ತಿಳಿಸಿರಲಿಲ್ಲ. ಸಂಸ್ಥೆ ಕ್ಷಮೆ ಕೇಳಿತು, ಬ್ಯಾಟರಿ ಬದಲಿಸುವ ದರವನ್ನು ಇಳಿಸಿತು. ತಿಳಿಸದೆ ಇದ್ದುದಕ್ಕಾಗಿ 2020ರಲ್ಲಿ ಫ್ರಾನ್ಸ್ ದೇಶ ಅದಕ್ಕೆ 2.5 ಕೋಟಿ ಯೂರೋ ದಂಡ ಹಾಕಿತು. ಮಾಡಿದ ಕೆಲಸಕ್ಕೆ ಸಕಾರಣವಿರಬಹುದು. ಆದರೂ ಬಾಧೆಗೊಳಗಾಗುವವರಿಂದ ಅದನ್ನು ಮುಚ್ಚಿಟ್ಟರೆ ನಂಬಿಕೆ ಮುರಿಯುತ್ತದೆ, ಮತ್ತು ಒಮ್ಮೆ ಮುರಿದ ನಂಬಿಕೆಯಿಂದಾಗಿ ಜನ ಒಳ್ಳೆಯ ಅಪ್‌ಡೇಟನ್ನೂ ಅನುಮಾನಿಸುತ್ತಾರೆ.

ಇನ್ನೊಂದು ಉದಾಹರಣೆ 2024ರ ಜುಲೈ 19ರದು. ಕಂಪ್ಯೂಟರುಗಳಿಗೆ ರಕ್ಷಣೆ ಒದಗಿಸುವ ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆಯೇ ಕಳುಹಿಸಿದ ದೋಷಯುಕ್ತ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ಕೆಟ್ಟು ನಿಂತವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಅಂದು ಬೋರ್ಡಿಂಗ್ ಪಾಸುಗಳನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ಆದುದರಿಂದ ‘ನಾಲ್ಕು ದಿನ ಬೇರೆಯವರಿಗೆ ಏನಾಯಿತು ನೋಡಿ ಆಮೇಲೆ ಹಾಕಿಕೊಳ್ಳೋಣ’ ಎನ್ನುವವನು ಮೂರ್ಖನಲ್ಲ. ಹೊಸ ಆವೃತ್ತಿಯ ವಿಷಯದಲ್ಲಂತೂ ಹಾಗೆ ಕಾಯುವುದೇ ವಿವೇಕ. ಪ್ರಶ್ನೆ ಇರುವುದು ಎಷ್ಟು ದಿನ ಎಂಬುದರಲ್ಲಿ, ಮತ್ತು ಯಾವುದಕ್ಕಾಗಿ ಎಂಬುದರಲ್ಲಿ.

ಕಳ್ಳನಿಗೂ ಗೊತ್ತಾಗುವ ಬಿಲ

2015ರ ಜುಲೈಯಲ್ಲಿ ಆಂಡ್ರಾಯ್ಡ್ ಫೋನುಗಳಲ್ಲಿ ಒಂದು ದೋಷವಿರುವುದು ಬೆಳಕಿಗೆ ಬಂತು. ಅದಕ್ಕೆ ಸ್ಟೇಜ್‌ಫ್ರೈಟ್ ಎಂದು ಹೆಸರಾಯಿತು. ವಿಡಿಯೋ ಅಡಗಿಸಿದ ಒಂದು ಸಂದೇಶವನ್ನು ಕಳುಹಿಸಿದರೆ ಸಾಕು, ಫೋನಿನ ಒಡೆಯ ಅದನ್ನು ತೆರೆಯದೆ ಇದ್ದರೂ ಕಳ್ಳ ಒಳಗೆ ಬರಬಹುದಾಗಿತ್ತು. ಸುಮಾರು 95 ಕೋಟಿ ಫೋನುಗಳಲ್ಲಿ ಈ ದೋಷ ಇರಬಹುದೆಂದು ಅದನ್ನು ಕಂಡುಹಿಡಿದವರು ಅಂದಾಜು ಮಾಡಿದರು. ಆ ವರ್ಷದ ಆಗಸ್ಟ್‌ನಿಂದ ಗೂಗಲ್ ಸಂಸ್ಥೆ ತಿಂಗಳಿಗೊಮ್ಮೆ ಭದ್ರತಾ ದುರಸ್ತಿಗಳನ್ನು ಪ್ರಕಟಿಸುವ ಪದ್ಧತಿ ಆರಂಭಿಸಿತು. ನಮ್ಮ ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಸೆಕ್ಯುರಿಟಿ ಅಪ್‌ಡೇಟ್’ ಎಂದು ತಿಂಗಳು, ವರ್ಷ ತೋರಿಸುತ್ತದೆಯಲ್ಲ, ಅದು ಕೊನೆಯ ಬಾರಿ ಬಿಲ ಮುಚ್ಚಿದ್ದು ಯಾವಾಗ ಎಂಬುದರ ಲೆಕ್ಕ.

ಇಲ್ಲಿ ಒಂದು ಸೂಕ್ಷ್ಮವಿದೆ. ದುರಸ್ತಿ ಪ್ರಕಟವಾದ ದಿನವೇ, ಬಿಲ ಎಲ್ಲಿತ್ತು ಎಂಬುದು ಕಳ್ಳನಿಗೂ ಗೊತ್ತಾಗುತ್ತದೆ. ದುರಸ್ತಿಯನ್ನು ಬಿಚ್ಚಿ ನೋಡಿದರೆ ದೋಷದ ಜಾಗ ತಿಳಿಯುತ್ತದೆ. ಅಂದರೆ ಪ್ರಕಟವಾಗುವ ಮುಂಚೆ ಕೆಲವರಿಗಷ್ಟೇ ಗೊತ್ತಿದ್ದ ಬಿಲ, ಪ್ರಕಟವಾದ ಮೇಲೆ ಮುಚ್ಚಿಕೊಳ್ಳದವರ ಮಟ್ಟಿಗೆ ಇನ್ನೂ ಅಪಾಯಕಾರಿಯಾಗುತ್ತದೆ. ‘ಇಷ್ಟು ದಿನ ಏನೂ ಆಗಲಿಲ್ಲ, ಇನ್ನು ಮುಂದೆಯೂ ಆಗದು’ ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ ಎಂಬ ಗಾದೆ ನೆನಪಾಗುತ್ತದೆ, ಅಲ್ಲವೇ?

ನನ್ನ ಫೋನ್, ನನ್ನಿಷ್ಟ?

‘ನನ್ನ ಫೋನ್, ನನ್ನ ದುಡ್ಡು. ಹೋದರೆ ನನ್ನದೇ ಹೋಗುತ್ತದೆ. ನಿಮಗೇನು?’ ಎಂದು ಕೇಳುವವರಿದ್ದಾರೆ. ಕೆರೆಯ ಏರಿಯಲ್ಲಿ ಬಿಲ ಬಿದ್ದಿರುವುದು ಒಬ್ಬನ ಹೊಲದ ಎದುರಿಗೇ ಇರಬಹುದು. ಏರಿ ಒಡೆದರೆ ಕೊಚ್ಚಿಹೋಗುವುದು ಕೆಳಗಿನ ಎಲ್ಲರ ಗದ್ದೆ. ಫೋನು ಕೂಡ ಹಾಗೆಯೇ. ಅದರಲ್ಲಿ ನಮ್ಮ ಸಂಗತಿಗಳಷ್ಟೇ ಇರುವುದಿಲ್ಲ. ಧರ್ಮಕೇಂದ್ರದ ಕುಟುಂಬಗಳ ನಂಬರುಗಳಿರುತ್ತವೆ. ಸ್ತ್ರೀಶಕ್ತಿ ಸಂಘದ ಖಜಾಂಚಿಯ ಫೋನಿನಲ್ಲಿ ಇಪ್ಪತ್ತು ಮನೆಯ ಉಳಿತಾಯದ ಲೆಕ್ಕವಿರುತ್ತದೆ. ಸಂತ ವಿನ್ಸೆಂಟ್ ದೆ ಪಾಲ್ ಸಂಘದವರ ಫೋನಿನಲ್ಲಿ, ಸಹಾಯ ಪಡೆದವರು ನಾಚಿಕೆಯಿಂದ ಯಾರಿಗೂ ಹೇಳದ ಕಷ್ಟಗಳಿರುತ್ತವೆ. ಒಬ್ಬರ ಫೋನು ವಂಚಕರ ಕೈಗೆ ಸಿಕ್ಕಿದರೆ ಅವರ ಹೆಸರಿನಲ್ಲೇ ‘ಆಸ್ಪತ್ರೆಯಲ್ಲಿದ್ದೇನೆ, ತುರ್ತಾಗಿ ಹಣ ಕಳುಹಿಸಿ’ ಎಂದು ನೆಂಟರಿಷ್ಟರಿಗೆ ಸಂದೇಶ ಹೋಗಬಹುದು. ಅವರು ಮೋಸಹೋಗುವುದು ದುರಾಸೆಯಿಂದಲ್ಲ, ನಮ್ಮ ಮೇಲಿನ ಪ್ರೀತಿಯಿಂದ.

ಒಬ್ಬರ ಮುಂದೂಡಿಕೆಯ ಬೆಲೆಯನ್ನು ಇನ್ನೊಬ್ಬರು ತೆರುತ್ತಾರೆ ಎಂಬುದಕ್ಕೆ 2017ರಲ್ಲಿ ದೊಡ್ಡ ಸಾಕ್ಷಿ ಸಿಕ್ಕಿತು. ಅದು ಫೋನಿನದಲ್ಲ, ಕಂಪ್ಯೂಟರಿನ ಕಥೆ, ಆದರೆ ಪಾಠ ಒಂದೇ. ವಿಂಡೋಸ್‌ನಲ್ಲಿದ್ದ ಒಂದು ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ 14ರಂದು ದುರಸ್ತಿ ಬಿಡುಗಡೆ ಮಾಡಿತು. ಮೇ 12ರಂದು, ಅಂದರೆ ಸುಮಾರು ಎರಡು ತಿಂಗಳ ಬಳಿಕ, ವಾನಾಕ್ರೈ ಎಂಬ ವೈರಸ್ ಅದೇ ದೋಷದ ಮೂಲಕ ಸುಮಾರು 150 ದೇಶಗಳಿಗೆ ಹಬ್ಬಿತು. ಇಂಗ್ಲೆಂಡಿನಲ್ಲಿ ಸರ್ಕಾರಿ ಆಸ್ಪತ್ರೆಗಳ 236 ಆಡಳಿತ ಟ್ರಸ್ಟ್‌ಗಳ ಪೈಕಿ ಕನಿಷ್ಠ 80ಕ್ಕೆ ಅದರ ಬಿಸಿ ತಟ್ಟಿತು. ಸುಮಾರು 19,000 ರೋಗಿಗಳ ಭೇಟಿಗಳು ರದ್ದಾದವೆಂದು ಅಂದಾಜು ಮಾಡಲಾಯಿತು. ದುರಸ್ತಿ ಹಾಕಿಕೊಳ್ಳದೆ ಇದ್ದವರು ಯಾರೋ, ವೈದ್ಯರನ್ನು ಕಾಣದೆ ಮನೆಗೆ ಮರಳಿದವರು ಇನ್ಯಾರೋ.

ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿ ಒಂದು ಸಣ್ಣ ಕಟ್ಟಳೆಯಿದೆ. ಹೊಸ ಮನೆ ಕಟ್ಟುವವನು ಚಾವಣಿಯ ಸುತ್ತ ಮೋಟುಗೋಡೆ ಕಟ್ಟಬೇಕು, ಯಾರಾದರೂ ಅಲ್ಲಿಂದ ಬಿದ್ದು ಸತ್ತರೆ ಆ ಹೊಣೆ ಮನೆಯ ಮೇಲೆ ಬರುತ್ತದೆ ಎಂಬುದು ಅದರ ತಾತ್ಪರ್ಯ. ಮನೆಯ ಯಜಮಾನನಿಗೆ ಚಾವಣಿಯ ಅಂಚು ಎಲ್ಲಿದೆ ಎಂದು ಗೊತ್ತಿರುತ್ತದೆ. ಅವನು ಬೀಳಲಾರ. ಬೀಳುವವನು ಮನೆಗೆ ಬಂದ ಅತಿಥಿ, ಪಕ್ಕದ ಮನೆಯ ಮಗು. ಆದುದರಿಂದಲೇ ಅದನ್ನು ಯಜಮಾನನ ಇಷ್ಟಕ್ಕೆ ಬಿಡದೆ ಕಟ್ಟಳೆಯಾಗಿ ವಿಧಿಸಲಾಯಿತು. ನಾವು ಪ್ರತಿ ಪೂಜೆಯ ಆರಂಭದಲ್ಲಿ ಮಾಡಿದ ತಪ್ಪುಗಳ ಜೊತೆಗೆ ಮಾಡದೆ ಬಿಟ್ಟ ಕರ್ತವ್ಯಕ್ಕೂ ಕ್ಷಮೆ ಕೇಳುತ್ತೇವೆ. ಮೋಟುಗೋಡೆ ಕಟ್ಟದೆ ಇರುವುದು ಆ ಎರಡನೆಯ ಬಗೆಯದು.

ಹಾಗೆಂದು ಒಂದು ದಿನ ತಡಮಾಡಿದವರೆಲ್ಲ ಪಾಪಿಗಳು ಎಂದು ಹೆದರಿಸುವುದೂ ಸರಿಯಲ್ಲ. ತಿಳಿಯದವನ ತಪ್ಪು ಬೇರೆ, ತಿಳಿದೂ ಬಿಟ್ಟವನ ತಪ್ಪು ಬೇರೆ. ಎಷ್ಟು ಜನರ ವಿಶ್ವಾಸ ನಮ್ಮ ಕೈಯಲ್ಲಿದೆಯೋ ಅಷ್ಟು ನಮ್ಮ ಹೊಣೆ ದೊಡ್ಡದು. ಸಂಘದ ಖಜಾಂಚಿಯ ಹೊಣೆ, ಆಟಕ್ಕೆ ಮಾತ್ರ ಫೋನು ಹಿಡಿಯುವ ಹುಡುಗನ ಹೊಣೆಗಿಂತ ಹೆಚ್ಚು.

ಮುಂದೂಡಿಕೆಗೂ ಒಂದು ಗಡಿ

‘ಸರಿ, ಹೊಸ ಆವೃತ್ತಿ ಬೇಡ, ಭದ್ರತಾ ಅಪ್‌ಡೇಟ್ ಮಾತ್ರ ಸಾಕು’ ಎನ್ನಬಹುದೇ? ಸ್ವಲ್ಪ ಕಾಲ ಹಾಗೆ ಇರಬಹುದು. ಸದಾಕಾಲ ಸಾಧ್ಯವಿಲ್ಲ. 2021ರ ಸೆಪ್ಟೆಂಬರಿನಲ್ಲಿ ಐಒಎಸ್ 15 ಬಂದಾಗ ಆಪಲ್ ಸಂಸ್ಥೆ ಒಂದು ಆಯ್ಕೆ ಕೊಟ್ಟಿತು: ಬೇಕಾದವರು 15ಕ್ಕೆ ಬನ್ನಿ, ಬೇಡವಾದವರು 14ರಲ್ಲೇ ಉಳಿದು ಭದ್ರತಾ ಅಪ್‌ಡೇಟ್‌ಗಳನ್ನು ಪಡೆಯಿರಿ. ಅನೇಕರಿಗೆ ಇದು ಹಿಡಿಸಿತು. ಅಕ್ಟೋಬರಿನಲ್ಲಿ 14ಕ್ಕೆ ಒಂದು ದುರಸ್ತಿಯೂ ಬಂತು. ಆದರೆ 2022ರ ಜನವರಿಯ ಹೊತ್ತಿಗೆ ಆ ದಾರಿ ಮುಚ್ಚಿತು. ಅದು ತಾತ್ಕಾಲಿಕ ಏರ್ಪಾಡಾಗಿತ್ತು ಎಂದು ಸಂಸ್ಥೆ ಹೇಳಿತು. ಮುಂದಿನ ದುರಸ್ತಿ ಬೇಕಾದರೆ 15ಕ್ಕೆ ಹೋಗಲೇಬೇಕಾಯಿತು.

ಆಂಡ್ರಾಯ್ಡ್ ಫೋನುಗಳಲ್ಲೂ ಸಾಮಾನ್ಯವಾಗಿ ಹೀಗೆಯೇ. 2019ರಲ್ಲಿ ಬಂದ ಆಂಡ್ರಾಯ್ಡ್ 10ರಿಂದೀಚೆಗೆ ಮೂಲ ವ್ಯವಸ್ಥೆಯ ಕೆಲವು ಭಾಗಗಳ ದುರಸ್ತಿ ಗೂಗಲ್ ಪ್ಲೇ ಮೂಲಕವೇ ಬರುತ್ತದೆ, ಅದಕ್ಕೆ ಪೂರ್ತಿ ಅಪ್‌ಗ್ರೇಡ್ ಬೇಕಾಗಿಲ್ಲ. ಉಳಿದವಕ್ಕೆ ಫೋನು ತಯಾರಿಸಿದ ಸಂಸ್ಥೆಯೇ ಆಧಾರ. ಅದು ನಮ್ಮ ಮಾದರಿಗೆ ಹೊಸ ಆವೃತ್ತಿ ಕೊಟ್ಟ ಮೇಲೆ ಹಳೆಯದಕ್ಕೆ ದುರಸ್ತಿ ಕಳುಹಿಸುವುದನ್ನು ಸಾಮಾನ್ಯವಾಗಿ ನಿಲ್ಲಿಸುತ್ತದೆ. ಆದುದರಿಂದ ‘ತಾಳಿದವನು ಬಾಳಿಯಾನು’ ಎಂಬ ಮಾತಿಗೆ ಇಲ್ಲೊಂದು ಗಡಿಯಿದೆ. ಅಪ್‌ಗ್ರೇಡಿಗೆ ಕೆಲವು ವಾರ ಕಾದರೆ ತಾಳ್ಮೆ. ಅದರಿಂದಾಗಿ ಬಿಲ ಮುಚ್ಚುವ ಮಣ್ಣು ಬರುವುದೇ ನಿಂತಿತೆಂದು ತಿಳಿದ ಮೇಲೂ ಕಾದರೆ ಅದಕ್ಕೆ ತಾಳ್ಮೆ ಎಂಬ ಹೆಸರು ಒಪ್ಪುವುದಿಲ್ಲ.

ಅಮ್ಮನ ಕೈಯಲ್ಲಿರುವ ಹಳೆಯ ಫೋನ್

ಈಗ ನಮ್ಮ ಮನೆಗಳ ಕಡೆ ತಿರುಗೋಣ. ನಮ್ಮ ಊರುಗಳಲ್ಲಿ ಫೋನು ಮನೆಯೊಳಗೆ ಕೈಯಿಂದ ಕೈಗೆ ಇಳಿಯುತ್ತದೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗ ಹೊಸ ಫೋನು ಕೊಳ್ಳುತ್ತಾನೆ. ಅವನದು ತಂಗಿಗೆ, ತಂಗಿಯದು ಅಪ್ಪನಿಗೆ, ಎಲ್ಲರೂ ಬಿಟ್ಟದ್ದು ಅಮ್ಮನಿಗೆ. ಹಳೆಯದನ್ನು ಎಸೆಯದೆ ಬಳಸುವುದು ಒಳ್ಳೆಯ ಗುಣ. ‘ಬಳಸಿ ಬಿಸಾಡುವ’ ಸಂಸ್ಕೃತಿಯನ್ನು ಪೋಪ್ ಫ್ರಾನ್ಸಿಸ್‌ರವರು 2015ರ ತಮ್ಮ ವಿಶ್ವಪತ್ರ ‘ಲೌದಾತೊ ಸಿ’ಯಲ್ಲಿ ಖಂಡಿಸಿದ್ದಾರೆ. ಆದರೆ ಇದರ ಇನ್ನೊಂದು ಮುಖವನ್ನೂ ನೋಡಬೇಕು. ತಯಾರಕರು ಕೆಲವು ವರ್ಷಗಳ ನಂತರ ಹಳೆಯ ಮಾದರಿಗೆ ದುರಸ್ತಿ ಕಳುಹಿಸುವುದಿಲ್ಲ. ಹೀಗಾಗಿ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಬಿಲಗಳಿರುವ ಫೋನು, ಮೋಸವನ್ನು ಗುರುತಿಸುವ ಅಭ್ಯಾಸ ಎಲ್ಲರಿಗಿಂತ ಕಡಿಮೆ ಇರುವವರ ಕೈ ಸೇರುತ್ತದೆ.

ಹಿಂದೆ ಅಮ್ಮನ ಫೋನಿನಲ್ಲಿ ಕರೆ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. 2016ರಲ್ಲಿ ಯುಪಿಐ ಬಂತು. 2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೇ ಬರುವಂತಾಯಿತು. ಅವಳ ಹೆಸರಿನ ಆ ಹಣ, ಕೋಳಿ ಮಾರಿ ಕೂಡಿಟ್ಟದ್ದು, ಮಗ ಕಳುಹಿಸಿದ್ದು ಎಲ್ಲವೂ ಆ ಹಳೆಯ ಫೋನಿಗೆ ಹೊಂದಿಕೊಂಡಿವೆ. ಮಗನಿಗೆ ಕಳೆದುಹೋದ ಐದು ಸಾವಿರ ಮುಂದಿನ ತಿಂಗಳ ಸಂಬಳದಲ್ಲಿ ತುಂಬಬಹುದು. ಅಮ್ಮನಿಗೆ ತುಂಬಿಕೊಡುವವರು ಯಾರು? ಹಣಕ್ಕಿಂತ ಹೆಚ್ಚಾಗಿ, ‘ನನ್ನಿಂದಲೇ ಹೋಯಿತು’ ಎಂಬ ಕೊರಗು ಅವಳ ಎದೆಯಲ್ಲಿ ಉಳಿಯುತ್ತದೆ. ತಂದೆತಾಯಿಯನ್ನು ಗೌರವಿಸು ಎಂಬ ಆಜ್ಞೆಯನ್ನು ಹಬ್ಬಕ್ಕೆ ಸೀರೆ ತರುವುದರಲ್ಲಿ ಮಾತ್ರ ಮುಗಿಸಬಾರದು. ಅವರ ಫೋನಿನಲ್ಲಿ ಬಿಲ ಮುಚ್ಚಿದೆಯೇ ಎಂದು ಊರಿಗೆ ಬಂದಾಗ ನೋಡುವುದೂ ಆ ಗೌರವಕ್ಕೆ ಸೇರಿದ್ದು.

ಹೊಸ ಫೋನು ಕೊಳ್ಳಲು ಶಕ್ತಿಯಿಲ್ಲದವರ ಗತಿಯೇನು? ಅಸಾಧ್ಯವಾದುದನ್ನು ಮಾಡುವ ಕರ್ತವ್ಯ ಯಾರಿಗೂ ಇಲ್ಲ. ಇಲ್ಲಿ ಹೊಣೆ ತಯಾರಕರ ಮೇಲೂ ಇದೆ. ಕಳ್ಳನಿಗೆ ದಾರಿಯಾಗುವ ದೋಷವಿರುವ ವಸ್ತುವನ್ನು ಮಾರಿ, ಅದು ಇನ್ನೂ ಬಳಕೆಯಲ್ಲಿರುವಾಗಲೇ ಕೈತೊಳೆದುಕೊಳ್ಳುವುದು ನ್ಯಾಯವೇ? ಈ ಪ್ರಶ್ನೆ ಜಗತ್ತಿನಲ್ಲಿ ಎದ್ದಿದೆ. ಭದ್ರತಾ ಅಪ್‌ಡೇಟ್ ಕನಿಷ್ಠ ಎಲ್ಲಿಯವರೆಗೆ ಸಿಗುತ್ತದೆ ಎಂಬುದನ್ನು ತಿಳಿಸಲೇಬೇಕೆಂದು ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ ಕಾನೂನು ಜಾರಿಗೆ ಬಂತು. 2023ರಲ್ಲಿ ಗೂಗಲ್ ತನ್ನ ಪಿಕ್ಸೆಲ್ 8ಕ್ಕೆ, 2024ರಲ್ಲಿ ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ಎಸ್24ಕ್ಕೆ 7 ವರ್ಷಗಳ ಅಪ್‌ಡೇಟ್ ಭರವಸೆ ಕೊಟ್ಟವು. ಇವು ಬೆಲೆಬಾಳುವ ಫೋನುಗಳು. ಬಡವರು ಕೊಳ್ಳುವ ಅಗ್ಗದ ಫೋನಿಗೂ ದೀರ್ಘ ಕಾಲದ ರಕ್ಷಣೆ ಸಿಕ್ಕಾಗಲೇ ಅದನ್ನು ನ್ಯಾಯ ಎನ್ನಬಹುದು.

ಮನೆಯಲ್ಲಿ ಮಾಡಬಹುದಾದದ್ದು

ಪ್ರಿಯ ಓದುಗರೇ, ಇದಕ್ಕೆ ದೊಡ್ಡ ಪಾಂಡಿತ್ಯ ಬೇಕಾಗಿಲ್ಲ. ತಿಂಗಳ ಮೊದಲ ಭಾನುವಾರ ಪೂಜೆ ಮುಗಿಸಿ ಬಂದು ಊಟವಾದ ಮೇಲೆ ಮನೆಯ ಎಲ್ಲ ಫೋನುಗಳನ್ನು ಒಂದು ಕಡೆ ಇಡಿ. ಸೆಟ್ಟಿಂಗ್ಸ್‌ನಲ್ಲಿ ಕೊನೆಯ ಭದ್ರತಾ ಅಪ್‌ಡೇಟ್ ಯಾವ ತಿಂಗಳದ್ದು ಎಂದು ನೋಡಿ. ಬಂದಿರುವ ಸೂಚನೆ ಹೊಸ ಆವೃತ್ತಿಯದೋ, ಭದ್ರತೆಯದೋ ಎಂದು ಓದಿ. ಭದ್ರತೆಯದಾದರೆ ಕೆಲವು ದಿನಗಳೊಳಗೆ ಹಾಕಿಕೊಳ್ಳಿ. ಹೊಸ ಆವೃತ್ತಿಯಾದರೆ ಕೆಲವು ವಾರ ಕಾದು, ಅದೇ ಫೋನು ಇರುವವರನ್ನು ವಿಚಾರಿಸಿ, ಮುಖ್ಯವಾದ ಫೋಟೋಗಳನ್ನು ಬೇರೆಡೆ ಉಳಿಸಿ, ಆಮೇಲೆ ಮಾಡಿ. ಅಜ್ಜಿಯ ಫೋನಾದರೆ ಪಕ್ಕದಲ್ಲಿ ಕೂತು ಬದಲಾದ ಗುಂಡಿಗಳನ್ನು ತೋರಿಸಿಕೊಡಿ. ಡೇಟಾ ಸಾಲದಿದ್ದರೆ ಮನೆಗೆ ಬಂದ ಮಗನೋ ಮಗಳೋ ತಮ್ಮ ಹಾಟ್‌ಸ್ಪಾಟ್ ಕೊಡಲಿ. ದುರಸ್ತಿ ಬರುವುದು ನಿಂತುಹೋದ ಫೋನು ಕರೆಗೆ, ಹಾಡಿಗೆ ಇರಲಿ. ಹಣದ ಆ್ಯಪ್ ಅದರಲ್ಲಿ ಬೇಡ. ಅನಿವಾರ್ಯವಾದರೆ, ಸ್ವಲ್ಪವೇ ಹಣವಿರುವ ಬೇರೊಂದು ಖಾತೆಯನ್ನು ಮಾತ್ರ ಅದಕ್ಕೆ ಜೋಡಿಸಿ. ಇನ್ನು ಮುಂದೆ ಫೋನು ಕೊಳ್ಳುವಾಗ ಕ್ಯಾಮೆರಾ ಎಷ್ಟು ಎಂದು ಕೇಳುವ ಜೊತೆಗೆ ‘ಇದಕ್ಕೆ ಭದ್ರತಾ ಅಪ್‌ಡೇಟ್ ಯಾವ ವರ್ಷದವರೆಗೆ?’ ಎಂದೂ ಅಂಗಡಿಯವರನ್ನು ಕೇಳಿ.

ಒಂದು ಎಚ್ಚರಿಕೆ. ಅಪ್‌ಡೇಟ್ ಮಾಡಿಕೊಂಡರೆ ಎಲ್ಲ ಅಪಾಯವೂ ತಪ್ಪಿತು ಎಂದುಕೊಳ್ಳಬೇಡಿ. ಮದುವೆಯ ಕರೆಯೋಲೆ, ಸರ್ಕಾರಿ ಯೋಜನೆ ಎಂಬ ಹೆಸರಿನಲ್ಲಿ ವಾಟ್ಸಾಪ್‌ಗೆ ಬರುವ ಎಪಿಕೆ ಕಡತವನ್ನು ನಾವೇ ಒತ್ತಿ ಒಳಗೆ ಬಿಟ್ಟುಕೊಂಡರೆ, ಒಟಿಪಿಯನ್ನು ನಾವೇ ಓದಿ ಹೇಳಿದರೆ, ಅಪ್‌ಡೇಟ್ ನಮ್ಮನ್ನು ಕಾಯುವುದು ಕಷ್ಟ. ಏರಿಯ ಬಿಲ ಮುಚ್ಚಿ ತೂಬನ್ನು ನಾವೇ ತೆರೆದಂತಾಗುತ್ತದೆ. ಹಣ ಹೋದದ್ದು ಗೊತ್ತಾದರೆ ನಾಚಿಕೆಪಟ್ಟು ಸುಮ್ಮನಿರದೆ ಕೂಡಲೇ 1930 ಸಂಖ್ಯೆಗೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಇಲ್ಲಿ ಮಾತ್ರ ‘ಆಮೇಲೆ’ ಎಂಬ ಮಾತು ಒಂದು ಗಂಟೆಗೂ ಬೇಡ.

ಇಂದು ರಾತ್ರಿ ಆ ಸೂಚನೆ ಮತ್ತೆ ಬಂದೀತು. ‘ಆಮೇಲೆ’ ಒತ್ತುವ ಮೊದಲು ಅದು ಏನು ಹೇಳುತ್ತಿದೆ ಎಂದು ಒಮ್ಮೆ ಓದಿ ನೋಡೋಣವೇ? ಊರಿನಲ್ಲಿರುವ ಅಮ್ಮನಿಗೂ ಒಂದು ಕರೆ ಮಾಡಿ ಅವರ ಫೋನಿನಲ್ಲಿ ಏನು ಬಂದಿದೆ ಎಂದು ಕೇಳೋಣ.